ಸವಕಳಿಯೋ, ಉರಿಯೂತವೋ? ಪ್ರೋಟೀನ್ ವಿಶ್ಲೇಷಣೆ ಮತ್ತು ನಮ್ಮ ಉದ್ಯಮಗಳ ಹೊಣೆ

ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಹಾಗೂ ಪೀಣ್ಯ ಪ್ರದೇಶಗಳನ್ನು ನಾವು ಸಾಮಾನ್ಯವಾಗಿ ಮೂರು ಪ್ರತ್ಯೇಕ ಲೋಕಗಳೆಂದು ಭಾವಿಸುತ್ತೇವೆ. ವೈಟ್‌ಫೀಲ್ಡ್ ಎಂದರೆ ಸಾಫ್ಟ್‌ವೇರ್, ಎಲೆಕ್ಟ್ರಾನಿಕ್ ಸಿಟಿ ಎಂದರೆ ಸಾಫ್ಟ್‌ವೇರಿನೊಡನೆ ಒಂದಿಷ್ಟು ಔಷಧೋದ್ಯಮ, ಪೀಣ್ಯ ಎಂದರೆ ಲೇತ್, ಪ್ರೆಸ್ ಮತ್ತು ಸಿದ್ಧ ಉಡುಪು. ಆದರೆ ಉರಿಯೂತದ ಕಾಯಿಲೆಗಳನ್ನು ದೇಹದ ಪ್ರೋಟೀನುಗಳ ಮೂಲಕ ಅರಿತು ಚಿಕಿತ್ಸೆ ನೀಡುವ ವೈದ್ಯವಿಜ್ಞಾನದ ವಿಷಯಕ್ಕೆ ಬಂದರೆ ಈ ಮೂರೂ ಪ್ರದೇಶಗಳು ಒಂದೇ ಸರಪಳಿಯ ಕೊಂಡಿಗಳಾಗಬಲ್ಲವು. ಪ್ರೋಟೀನುಗಳನ್ನು ಗುರುತಿಸುವ ಸಂಶೋಧನೆ ವೈಟ್‌ಫೀಲ್ಡಿನಲ್ಲಿ ನಡೆದಿದೆ. ಅವುಗಳನ್ನು ಆಧರಿಸಿದ ಔಷಧಗಳ ಉದ್ಯಮ ಎಲೆಕ್ಟ್ರಾನಿಕ್ ಸಿಟಿಯ ಆಸುಪಾಸಿನಲ್ಲಿ ಬೆಳೆದಿದೆ. ಆ ಕಾಯಿಲೆಗಳಿಂದ ಬಳಲುವ ಕುಶಲ ಕಾರ್ಮಿಕರು ಮೂರೂ ಕಡೆ ಇದ್ದಾರೆ; ಪೀಣ್ಯದಲ್ಲಿ ಅವರ ಕೈಬೆರಳುಗಳೇ ಉದ್ಯಮದ ಬಂಡವಾಳ. ಹೀಗಿದ್ದೂ ಸರಪಳಿಯ ನಡುವಿನ ಒಂದು ಕೊಂಡಿ ಇನ್ನೂ ಬೆಸೆದಿಲ್ಲ. ಅದು ಕೇವಲ ವಿಜ್ಞಾನಿಗಳ ಅಥವಾ ಸರಕಾರದ ಕೆಲಸವಲ್ಲ, ವಾಣಿಜ್ಯೋದ್ಯಮಿಗಳದೂ ಹೌದು ಎಂಬುದನ್ನು ಸದಸ್ಯ ಮಿತ್ರರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಎರಡು ಬಗೆಯ ಕೀಲುನೋವು

ಗಾಯವಾದಾಗ ಅಥವಾ ರೋಗಾಣು ಹೊಕ್ಕಾಗ ದೇಹವು ರಕ್ಷಣೆಗೆ ನಿಲ್ಲುತ್ತದೆ. ಆ ಭಾಗ ಕೆಂಪಾಗಿ, ಬಿಸಿಯೇರಿ, ಊದಿಕೊಂಡು ನೋಯುತ್ತದೆ. ಇದೇ ಉರಿಯೂತ. ಕೆಲಸ ಮುಗಿದೊಡನೆ ಅದು ತಣಿಯಬೇಕು. ಕೆಲವರಲ್ಲಿ ತಣಿಯುವುದಿಲ್ಲ, ರೋಗನಿರೋಧಕ ವ್ಯವಸ್ಥೆ ತನ್ನದೇ ಅಂಗಾಂಶವನ್ನು ಶತ್ರುವೆಂದು ಬಗೆದು ದಾಳಿ ಮಾಡುತ್ತದೆ. ದಾಳಿ ಕೀಲುಗಳ ಒಳಪೊರೆಯ ಮೇಲಾದರೆ ರುಮಟಾಯ್ಡ್ ಸಂಧಿವಾತ, ಚರ್ಮದಲ್ಲಾದರೆ ಸೋರಿಯಾಸಿಸ್, ಕರುಳಿನಲ್ಲಾದರೆ ಕ್ರೋನ್ ಕಾಯಿಲೆ ಅಥವಾ ಅಲ್ಸರೇಟಿವ್ ಕೊಲೈಟಿಸ್.

ವಯಸ್ಸು ಮತ್ತು ದುಡಿಮೆಯಿಂದ ಮೃದ್ವಸ್ಥಿ ತೇಯ್ದು ಬರುವ ಕೀಲುನೋವು ಬೇರೆಯದು. ನಮ್ಮ ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಅದು ಬಹುಮಟ್ಟಿಗೆ ಸವಕಳಿ. ರುಮಟಾಯ್ಡ್ ಸಂಧಿವಾತವಾದರೋ ಕಾವಲುಗಾರನೇ ಕೈಹಾಕಿದ ಕಳವು. ಸವಕಳಿಗೆ ನಿಧಾನಗತಿಯುಂಟು. ಕಳವನ್ನು ಮೊದಲ ಕೆಲವು ತಿಂಗಳಲ್ಲೇ ತಡೆಯದಿದ್ದರೆ ಮೂಳೆಗೆ ಆದ ಹಾನಿಯನ್ನು ಮುಂದೆ ಯಾವ ಔಷಧವೂ ಮರಳಿ ತುಂಬಿಕೊಡದು. ಆದರೆ ಬೆರಳ ಕೀಲು ನೋಯುತ್ತದೆಂದು ಬಂದ ಯಂತ್ರಚಾಲಕನಿಗಾಗಲಿ, ಹೊಲಿಗೆ ಯಂತ್ರದ ಮುಂದೆ ಕೂರುವ ಮಹಿಳೆಗಾಗಲಿ ಆರಂಭದಲ್ಲಿ ಎರಡರ ನೋವೂ ಒಂದೇ ತೆರನಾಗಿ ತೋರಬಹುದು. ನೋವಿನ ಮಾತ್ರೆ ನುಂಗಿ ಪಾಳಿಗೆ ಹಾಜರಾಗುವುದೇ ನಮ್ಮಲ್ಲಿ ಕಂಡುಬರುವ ವಾಡಿಕೆ.

ಈ ಕಾಯಿಲೆ ಅಪರೂಪದ್ದೇನೂ ಅಲ್ಲ. ಉತ್ತರ ಭಾರತದ ಗ್ರಾಮೀಣ ವಯಸ್ಕರಲ್ಲಿ ನಡೆಸಿ 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು ರುಮಟಾಯ್ಡ್ ಸಂಧಿವಾತದ ಪ್ರಮಾಣ ಶೇ. 0.75 ಎಂದು ಅಂದಾಜಿಸಿತು. ಅದೇ ಪ್ರಮಾಣವನ್ನು ಹಿಡಿದರೆ ಸಾವಿರ ಮಂದಿ ದುಡಿಯುವ ಕಾರ್ಖಾನೆಯಲ್ಲಿ ಏಳೆಂಟು ರೋಗಿಗಳಿರುತ್ತಾರೆ. ಪುರುಷರಿಗಿಂತ ಮಹಿಳೆಯರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಆದ್ದರಿಂದ ಉಡುಪು ಕಾರ್ಖಾನೆಗಳಲ್ಲಿ ಸಂಖ್ಯೆ ಇನ್ನೂ ಏರಬಹುದು.

ಪ್ರೋಟೀನುಗಳ ಲೆಕ್ಕಪರಿಶೋಧನೆ

ರಕ್ತದ ಪ್ರೋಟೀನನ್ನು ಅಳೆದು ಉರಿಯೂತವನ್ನು ತಿಳಿಯುವ ವಿಧಾನ ಹೊಸದಲ್ಲ. ಯಕೃತ್ತಿನಲ್ಲಿ ತಯಾರಾಗುವ ಸಿಆರ್‌ಪಿ ಎಂಬ ಪ್ರೋಟೀನನ್ನು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ವಿಜ್ಞಾನಿಗಳು 1930ರಲ್ಲೇ ಗುರುತಿಸಿದರು. ಇಂದು ಬಡಾವಣೆಯ ಪ್ರಯೋಗಾಲಯದಲ್ಲೂ ಆ ಪರೀಕ್ಷೆ ಲಭ್ಯ. ಆದರೆ ಸಿಆರ್‌ಪಿ ಊರಿನಲ್ಲೆಲ್ಲೋ ಬೆಂಕಿ ಬಿದ್ದಿದೆ ಎಂದಷ್ಟೇ ಹೇಳಬಲ್ಲದು. ಯಾರ ಮನೆಗೆ ಎಂದು ಹೇಳಲಾರದು. ಸೋಂಕಿನಲ್ಲೂ ಅದು ಏರುತ್ತದೆ, ಸಂಧಿವಾತದಲ್ಲೂ ಏರುತ್ತದೆ. ಅದಕ್ಕಿಂತ ನಿರ್ದಿಷ್ಟವಾದದ್ದು ಆ್ಯಂಟಿ ಸಿಸಿಪಿ ಪರೀಕ್ಷೆ. ರಾಸಾಯನಿಕವಾಗಿ ಮಾರ್ಪಟ್ಟ ಕೆಲವು ಪ್ರೋಟೀನುಗಳ ವಿರುದ್ಧ ರೋಗಿಯ ದೇಹ ತಯಾರಿಸುವ ಪ್ರತಿಕಾಯಗಳನ್ನು ಅದು ಪತ್ತೆಹಚ್ಚುತ್ತದೆ. 2010ರಲ್ಲಿ ಅಮೆರಿಕ ಮತ್ತು ಯೂರೋಪಿನ ಸಂಧಿವಾತ ತಜ್ಞರ ಸಂಘಗಳು ಜಂಟಿಯಾಗಿ ಪ್ರಕಟಿಸಿದ ರೋಗ ವರ್ಗೀಕರಣದ ಮಾನದಂಡಗಳಲ್ಲಿ ಈ ಪರೀಕ್ಷೆಗೆ ಸ್ಥಾನ ದೊರೆಯಿತು.

ಇವೆಲ್ಲ ಒಂದೊಂದೇ ಪ್ರೋಟೀನನ್ನು ನೋಡುವ ಪರೀಕ್ಷೆಗಳು. ಪ್ರೋಟಿಯೋಮಿಕ್ಸ್ ಎಂಬ ಶಾಸ್ತ್ರ ಸಾವಿರಾರು ಪ್ರೋಟೀನುಗಳನ್ನು ಒಮ್ಮೆಗೇ ನೋಡುತ್ತದೆ. ಅದರ ಒಂದು ಮುಖ್ಯ ವಿಧಾನದಲ್ಲಿ ರಕ್ತ ಅಥವಾ ಕೀಲಿನ ದ್ರವದ ಪ್ರೋಟೀನುಗಳನ್ನು ಕಿಣ್ವದಿಂದ ಚೂರುಗಳಾಗಿ ಕತ್ತರಿಸಿ, ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದಲ್ಲಿ ಪ್ರತಿ ಚೂರಿನ ದ್ರವ್ಯರಾಶಿಯನ್ನು ಅಳೆದು, ಅದು ಯಾವ ಪ್ರೋಟೀನಿಗೆ ಸೇರಿದ್ದೆಂದು ಗಣಕದ ದತ್ತಾಂಶದೊಡನೆ ತಾಳೆ ನೋಡಲಾಗುತ್ತದೆ. ಸಿಆರ್‌ಪಿ ಆಸ್ತಿ ಹೊಣೆ ಪಟ್ಟಿಯ ಕೊನೆಯ ಮೊತ್ತವಾದರೆ ಇದು ಲೆಡ್ಜರಿನ ಪ್ರತಿ ಖಾತೆಯನ್ನೂ ಬಿಡಿಸಿ ನೋಡುವ ಪರಿಶೋಧನೆ.

ವೈಟ್‌ಫೀಲ್ಡಿನ ಕೊಡುಗೆ

ಈ ಶಾಸ್ತ್ರದಲ್ಲಿ ನಮ್ಮ ಊರಿನ ಕೊಡುಗೆ ಎಷ್ಟೋ ಉದ್ಯಮಿಗಳಿಗೆ ತಿಳಿಯದು. ವೈಟ್‌ಫೀಲ್ಡಿನ ಇಂಟರ್‌ನ್ಯಾಷನಲ್ ಟೆಕ್ ಪಾರ್ಕಿನಲ್ಲಿ, ಸಾಫ್ಟ್‌ವೇರ್ ಕಚೇರಿಗಳ ನಡುವೆ, ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಎಂಬ ಲಾಭರಹಿತ ಸಂಸ್ಥೆ 2002ರಲ್ಲಿ ಆರಂಭವಾಯಿತು. ಆಗ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿದ್ದ ಡಾ. ಅಖಿಲೇಶ್ ಪಾಂಡೆ ಅದರ ಸ್ಥಾಪಕರು. 2003ರಲ್ಲಿ ಎರಡೂ ಕಡೆಯ ವಿಜ್ಞಾನಿಗಳು ಸೇರಿ ಮಾನವ ಪ್ರೋಟೀನುಗಳ ಆಕರ ದತ್ತಾಂಶ ಕೋಶವೊಂದನ್ನು ಪ್ರಕಟಿಸಿದರು. ಜಗತ್ತಿನ ಸಂಶೋಧನ ಪ್ರಬಂಧಗಳನ್ನು ಜೀವವಿಜ್ಞಾನಿಗಳೇ ಒಂದೊಂದಾಗಿ ಓದಿ ತುಂಬಿಸಿದ ಕೋಶವದು. 2014ರ ಮೇ ತಿಂಗಳಲ್ಲಿ ಇದೇ ತಂಡ ಮಾನವ ಪ್ರೋಟೀನುಗಳ ಕರಡು ನಕ್ಷೆಯನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿತು. 30 ಬಗೆಯ ಆರೋಗ್ಯವಂತ ಅಂಗಾಂಶ ಮತ್ತು ಜೀವಕೋಶಗಳನ್ನು ವಿಶ್ಲೇಷಿಸಿ 17,294 ವಂಶವಾಹಿಗಳ ಪ್ರೋಟೀನುಗಳನ್ನು ಅದರಲ್ಲಿ ಗುರುತಿಸಲಾಗಿತ್ತು. ಪ್ರೋಟೀನು ತಯಾರಿಸುವ ಮಾನವ ವಂಶವಾಹಿಗಳೆಂದು ಆಗ ತಿಳಿದಿದ್ದವುಗಳಲ್ಲಿ ಇದು ಸುಮಾರು ಶೇ. 84.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ಅದೇ ವರ್ಷ ಈ ಸಂಸ್ಥೆಯ ವಿಜ್ಞಾನಿಗಳು ಪ್ರಕಟಿಸಿದ ಮತ್ತೊಂದು ಅಧ್ಯಯನ. ರುಮಟಾಯ್ಡ್ ಸಂಧಿವಾತ ಮತ್ತು ಸವೆತದ ಸಂಧಿವಾತ ಇವೆರಡರ ರೋಗಿಗಳ ಕೀಲಿನ ದ್ರವವನ್ನು ಅವರು ಹೋಲಿಸಿ ನೋಡಿದರು. ಒಟ್ಟು 575 ಪ್ರೋಟೀನುಗಳು ಸಿಕ್ಕವು. ಅವುಗಳಲ್ಲಿ 135 ಪ್ರೋಟೀನುಗಳ ಪ್ರಮಾಣದಲ್ಲಿ ಎರಡು ಕಾಯಿಲೆಗಳ ನಡುವೆ ಮೂರು ಪಟ್ಟು ಅಥವಾ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಕಂಡುಬಂತು. ಸವಕಳಿಯೋ ಕಳವೋ ಎಂಬ ಪ್ರಶ್ನೆಗೆ ಅಣುಮಟ್ಟದ ಉತ್ತರ ಹುಡುಕಿದ ಈ ಕೆಲಸ ನಡೆದದ್ದು ನಮ್ಮ ಹೊರವರ್ತುಲ ರಸ್ತೆಯಿಂದ ಕೆಲವೇ ಕಿಲೋಮೀಟರ್ ಆಚೆ.

ಒಂದು ಪ್ರೋಟೀನನ್ನು ಸರಿಯಾಗಿ ಗುರುತಿಸಿದರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ಉದಾಹರಣೆ ಇದೆ. ಸಂಧಿವಾತದ ಕೀಲುಗಳಲ್ಲಿ ಟಿಎನ್‌ಎಫ್ ಎಂಬ ಪ್ರೋಟೀನು ಉರಿಯೂತಕ್ಕೆ ಮುಖ್ಯ ಕಾರಣವೆಂದು ಅಲ್ಲಿನ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ತೋರಿಸಿದರು. ಅದನ್ನು ತಡೆಯುವ ಪ್ರತಿಕಾಯವನ್ನು 1992ರಲ್ಲಿ ಮೊದಲ ಬಾರಿಗೆ ಸಂಧಿವಾತ ರೋಗಿಗಳ ಮೇಲೆ ಪ್ರಯೋಗಿಸಲಾಯಿತು. ಅದರಿಂದ ಒಂದು ಔಷಧ ವರ್ಗವೇ ಹುಟ್ಟಿತು. 2002ರ ಕೊನೆಯಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಅಡಾಲಿಮುಮಾಬ್ ಮುಂದೆ ಜಗತ್ತಿನಲ್ಲೇ ಅತ್ಯಧಿಕ ವಹಿವಾಟಿನ ಔಷಧಗಳ ಸಾಲಿಗೆ ಸೇರಿತು.

ಎಲೆಕ್ಟ್ರಾನಿಕ್ ಸಿಟಿಯ ಸಾಮರ್ಥ್ಯ ಮತ್ತು ಒಂದು ಎಚ್ಚರಿಕೆ

ಔಷಧ ತಯಾರಿಕೆಯಲ್ಲಿ ನಾವು ಹಿಂದುಳಿದಿಲ್ಲ. 1978ರಲ್ಲಿ ಆರಂಭವಾದ ಬಯೋಕಾನ್, ಕ್ಯೂಬಾದ ಸಂಶೋಧನ ಕೇಂದ್ರವೊಂದರ ಸಹಯೋಗದಲ್ಲಿ ಇಟೊಲಿಝುಮಾಬ್ ಎಂಬ ಪ್ರತಿಕಾಯವನ್ನು ಅಭಿವೃದ್ಧಿಪಡಿಸಿತು. ಟಿ ಜೀವಕೋಶಗಳ ಮೇಲಿನ ಸಿಡಿ6 ಎಂಬ ಪ್ರೋಟೀನೇ ಅದರ ಗುರಿ. 225 ಸೋರಿಯಾಸಿಸ್ ರೋಗಿಗಳ ಮೇಲೆ ನಡೆಸಿದ ಮೂರನೆಯ ಹಂತದ ಪ್ರಯೋಗದ ನಂತರ 2013ರಲ್ಲಿ ಅದು ಅಲ್ಝುಮಾಬ್ ಹೆಸರಿನಲ್ಲಿ ಭಾರತದ ಮಾರುಕಟ್ಟೆಗೆ ಬಂತು. ಇದೇ ಸಮೂಹದ ಬಯೋಕಾನ್ ಬಯಾಲಜಿಕ್ಸ್ ಸಂಸ್ಥೆಯ ಉಸ್ಟೆಕಿನುಮಾಬ್ ಬಯೋಸಿಮಿಲರ್ ಔಷಧಕ್ಕೆ 2024ರಲ್ಲಿ ಅಮೆರಿಕದ ಅನುಮೋದನೆ ದೊರೆಯಿತು. ಸೋರಿಯಾಸಿಸ್, ಕ್ರೋನ್ ಕಾಯಿಲೆ ಮುಂತಾದ ಉರಿಯೂತದ ಕಾಯಿಲೆಗಳಿಗೆ ಅದನ್ನು ಬಳಸುತ್ತಾರೆ.

ಇದೇ ಇಟೊಲಿಝುಮಾಬ್ ನಮಗೊಂದು ಎಚ್ಚರಿಕೆಯನ್ನೂ ಕೊಟ್ಟಿದೆ. ಕೋವಿಡ್ ಕಾಲದಲ್ಲಿ, 2020ರ ಜುಲೈನಲ್ಲಿ, ಮಿತಿಮೀರಿದ ಉರಿಯೂತದ ಚಿಕಿತ್ಸೆಗಾಗಿ ಅದರ ತುರ್ತು ಬಳಕೆಗೆ ಸೀಮಿತ ಅನುಮತಿ ದೊರೆಯಿತು. ಅದಕ್ಕೆ ಆಧಾರವಾದ ಪ್ರಯೋಗದಲ್ಲಿದ್ದ ರೋಗಿಗಳು ಕೇವಲ 30. ಇಷ್ಟು ಸಣ್ಣ ಪ್ರಯೋಗದಿಂದ ನಿರ್ಣಯಕ್ಕೆ ಬರಬಹುದೇ ಎಂಬ ಟೀಕೆ ವೈದ್ಯಲೋಕದಲ್ಲಿ ಎದ್ದಿತು. ಔಷಧದ ಗುಣಾವಗುಣದ ಚರ್ಚೆ ಇಲ್ಲಿ ನನ್ನ ವಿಷಯವಲ್ಲ. ವಿಜ್ಞಾನ ಎಷ್ಟೇ ಸೊಗಸಾಗಿರಲಿ, ಸಾಕಷ್ಟು ರೋಗಿಗಳಲ್ಲಿ ತಾಳೆ ನೋಡದಿದ್ದರೆ ಅದಕ್ಕೆ ನಂಬಿಕೆ ದಕ್ಕದು. ಹಾಗೆ ತಾಳೆ ನೋಡುವುದಕ್ಕೆ ಹಣ ಬೇಕು ಎಂಬುದಷ್ಟೇ ಇಲ್ಲಿ ಮುಖ್ಯ.

ಬೆಸೆಯದ ಕೊಂಡಿ

ಕೀಲಿನ ದ್ರವದಲ್ಲಿ ಕಂಡ 135 ಪ್ರೋಟೀನುಗಳು ಪರೀಕ್ಷೆಯ ಕಿಟ್ ಆಗಿ ಆಸ್ಪತ್ರೆಗೆ ಬರಬೇಕಾದರೆ ನಡುವೆ ಬಹಳ ಕೆಲಸವಿದೆ. ಅವುಗಳಲ್ಲಿ ಯಾವುವು ರಕ್ತದಲ್ಲೂ ಸಿಗುತ್ತವೆಂದು ನೋಡಬೇಕು. ಹಲವು ಆಸ್ಪತ್ರೆಗಳ ನೂರಾರು ರೋಗಿಗಳಲ್ಲಿ, ಬೇರೆ ಬೇರೆ ವಯಸ್ಸಿನವರಲ್ಲಿ, ಬೇರೆ ಕಾಯಿಲೆ ಇರುವವರಲ್ಲೂ ಅಳೆಯಬೇಕು. ಬಳಿಕ ಅಗ್ಗದ ಕಿಟ್ ರೂಪಿಸಿ, 2017ರ ವೈದ್ಯಕೀಯ ಸಾಧನಗಳ ನಿಯಮಗಳಡಿ ಪರವಾನಗಿ ಪಡೆಯಬೇಕು. ಈ ನಡುವಿನ ಕೆಲಸಕ್ಕೆ ದೃಢೀಕರಣ ಎಂದು ಕರೆಯೋಣ.

ದೃಢೀಕರಣಕ್ಕೆ ಹಣ ಏಕೆ ಹರಿಯುವುದಿಲ್ಲ? ಸಂಶೋಧನೆಯ ಅನುದಾನ ಸಾಮಾನ್ಯವಾಗಿ ಪ್ರಬಂಧ ಪ್ರಕಟವಾಗುವುದರೊಂದಿಗೆ ಮುಗಿಯುತ್ತದೆ. ಹೂಡಿಕೆದಾರ ಕಿಟ್ ಸಿದ್ಧವಾದ ಮೇಲೆ ಬರುತ್ತಾನೆ. ನಮ್ಮ ಲೆಕ್ಕಪತ್ರ ಮಾನದಂಡಗಳೂ ಇದೇ ಗೆರೆಯನ್ನು ತೋರಿಸುತ್ತವೆ. ಎಎಸ್ 26 ಮತ್ತು ಇಂಡ್ ಎಎಸ್ 38ರ ಪ್ರಕಾರ ಸಂಶೋಧನಾ ಹಂತದ ವೆಚ್ಚವನ್ನು ಆಯಾ ವರ್ಷದ ಖರ್ಚಿಗೇ ಹಾಕಬೇಕು. ಅಭಿವೃದ್ಧಿ ಹಂತದ ವೆಚ್ಚವನ್ನು ಆಸ್ತಿಯೆಂದು ತೋರಿಸಬೇಕಾದರೆ ತಾಂತ್ರಿಕ ಸಾಧ್ಯತೆ, ಮುಂದಿನ ಲಾಭದ ಸಾಧ್ಯತೆ ಮುಂತಾದವನ್ನು ಸಾಬೀತುಪಡಿಸಬೇಕು. ದೃಢೀಕರಣವು ಈ ಎರಡರ ನಡುವಿನದು. ಅದರ ಫಲ ಅನಿಶ್ಚಿತ, ಖರ್ಚು ಮಾತ್ರ ನಿಶ್ಚಿತ. ಇದರೊಂದಿಗೆ ತೆರಿಗೆಯ ಉತ್ತೇಜನವೂ ಕರಗಿತು. 1961ರ ಆದಾಯ ತೆರಿಗೆ ಕಾಯಿದೆಯ 35(2ಎಬಿ) ಕಲಮಿನಡಿ ಕಂಪನಿಯ ಆಂತರಿಕ ಸಂಶೋಧನಾ ವೆಚ್ಚಕ್ಕೆ 2010-11ರಿಂದ ಶೇ. 200ರಷ್ಟು ಕಡಿತ ದೊರೆಯುತ್ತಿತ್ತು. 2017-18ರಿಂದ ಅದು ಶೇ. 150ಕ್ಕೂ 2020-21ರಿಂದ ಶೇ. 100ಕ್ಕೂ ಇಳಿಯಿತು. ಆ ಉತ್ತೇಜನ ಮರಳಿ ಬರಲೆಂದು ಮನವಿ ಸಲ್ಲಿಸುವುದು ತಪ್ಪಲ್ಲ. ಮರಳುವವರೆಗೆ ಕೈಕಟ್ಟಿ ಕೂರುವುದು ಜಾಣತನವಲ್ಲ.

ಉದ್ಯಮಿ ಏನು ಮಾಡಬಹುದು?

ಮೊದಲನೆಯದಾಗಿ, ಸಮಾನ ನಿಧಿ. 2019ರ ಜುಲೈ 1ರಿಂದ ಇಎಸ್‌ಐ ವಂತಿಗೆಯಲ್ಲಿ ಮಾಲೀಕರ ಪಾಲನ್ನು ಶೇ. 4.75ರಿಂದ ಶೇ. 3.25ಕ್ಕೆ ಇಳಿಸಲಾಯಿತು. ಇಎಸ್‌ಐಗೆ ಒಳಪಟ್ಟ ವೇತನ ವರ್ಷಕ್ಕೆ 2 ಕೋಟಿ ರೂಪಾಯಿ ಇರುವ ಘಟಕವೊಂದಕ್ಕೆ ಇದರಿಂದ ವರ್ಷಕ್ಕೆ 3 ಲಕ್ಷ ರೂಪಾಯಿ ಉಳಿತಾಯ. ಕಾರ್ಮಿಕರ ಆರೋಗ್ಯದ ಹೆಸರಿನಲ್ಲಿ ಕಟ್ಟುತ್ತಿದ್ದ ಆ ಹಣದಲ್ಲಿ ಹತ್ತನೆಯ ಒಂದು ಪಾಲನ್ನು, ಅಂದರೆ 30,000 ರೂಪಾಯಿಯನ್ನು, ಸಮಾನ ನಿಧಿಗೆ ಕೊಟ್ಟರೆ ಅಂಥ ನೂರು ಘಟಕಗಳಿಂದ ವರ್ಷಕ್ಕೆ 30 ಲಕ್ಷ ರೂಪಾಯಿ ಕೂಡುತ್ತದೆ. ಬೈರಾಕ್ ಸಂಸ್ಥೆಯ ಬಯೋಟೆಕ್ನಾಲಜಿ ಇಗ್ನಿಷನ್ ಅನುದಾನವೂ 50 ಲಕ್ಷ ರೂಪಾಯಿವರೆಗಿನದು ಎಂಬುದನ್ನು ನೆನೆದರೆ ಈ ಮೊತ್ತ ಅಲ್ಪವೇನಲ್ಲ. ಕೋಟಿಗಟ್ಟಲೆ ಬೆಲೆಯ ಯಂತ್ರವನ್ನು ಕೊಳ್ಳಬೇಕಿಲ್ಲ. ಸೇವಾಶುಲ್ಕ ತೆತ್ತು ಬಳಸಬಹುದಾದ ಸೌಲಭ್ಯ ನಗರದ ಸಿ-ಕ್ಯಾಂಪ್‌ನಂಥ ಸಂಸ್ಥೆಗಳಲ್ಲಿದೆ.

ಎರಡನೆಯದಾಗಿ, ದೊಡ್ಡ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ. 2013ರ ಕಂಪನಿ ಕಾಯಿದೆಯ ಏಳನೆಯ ಅನುಸೂಚಿಯಡಿ ಆರೋಗ್ಯ ರಕ್ಷಣೆಗೂ, ಸರಕಾರದ ಅನುದಾನವಿರುವ ವೈದ್ಯವಿಜ್ಞಾನ ಸಂಶೋಧನಾ ಯೋಜನೆಗಳಿಗೂ, ಸಾರ್ವಜನಿಕ ವಿಶ್ವವಿದ್ಯಾಲಯ ಹಾಗೂ ರಾಷ್ಟ್ರೀಯ ಪ್ರಯೋಗಾಲಯಗಳಿಗೂ ಹಣ ನೀಡಲು ಅವಕಾಶವಿದೆ. ವೈಟ್‌ಫೀಲ್ಡಿನ ಕಂಪನಿಗಳು ಶಾಲೆಗೆ ಬೆಂಚು ಕೊಡುವುದು ಸ್ತುತ್ಯವೇ. ತಮ್ಮ ನೆರೆಯಲ್ಲೇ ಇರುವ ವಿಜ್ಞಾನದ ಕಡೆಗೂ ಅವು ಒಮ್ಮೆ ತಿರುಗಿ ನೋಡಲಿ.

ಮೂರನೆಯದಾಗಿ, ಗುಂಪು ವಿಮೆ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಚುಚ್ಚುಮದ್ದಾಗಿ ನೀಡುವ ಪ್ರತಿಕಾಯ ಚಿಕಿತ್ಸೆಯನ್ನು ಆರೋಗ್ಯ ವಿಮೆಯಿಂದ ಹೊರಗಿಡಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿಗೆ ಸೇರಿಸಿತು. ಆದರೆ ಅದಕ್ಕೆ ಉಪಮಿತಿಗಳನ್ನು ಹಾಕಬಹುದು. ಹೊರರೋಗಿಯಾಗಿ ಮಾಡಿಸುವ ರಕ್ತಪರೀಕ್ಷೆಯನ್ನು ಅನೇಕ ಪಾಲಿಸಿಗಳು ಭರಿಸುವುದಿಲ್ಲ. ಪರಿಣಾಮವಾಗಿ, ಕೆಲವೇ ಸಾವಿರದ ಆರಂಭಿಕ ಪರೀಕ್ಷೆಗೆ ಹಣವಿಲ್ಲ, ಕೀಲು ಕೆಟ್ಟ ಮೇಲೆ ಲಕ್ಷಗಳ ಶಸ್ತ್ರಚಿಕಿತ್ಸೆಗೆ ಹಣವಿದೆ. ಪಾಲಿಸಿ ನವೀಕರಣದ ವೇಳೆ ಈ ಎರಡು ಷರತ್ತುಗಳನ್ನು ಓದಿ ಪ್ರಶ್ನಿಸುವಂತೆ ಸದಸ್ಯರಲ್ಲಿ ಕೋರುತ್ತೇನೆ.

ಸಾಮೂಹಿಕ ತಪಾಸಣೆ ಬೇಡ

ಹಾಗೆಂದು ಎಲ್ಲ ಕಾರ್ಮಿಕರ ರಕ್ತ ತೆಗೆದು ಪರೀಕ್ಷಿಸಬೇಕೆಂದು ನಾನು ಹೇಳುತ್ತಿಲ್ಲ. ಲೆಕ್ಕ ಹಾಕಿ ನೋಡಿ. ಆ್ಯಂಟಿ ಸಿಸಿಪಿ ಪರೀಕ್ಷೆ ಸ್ಥೂಲವಾಗಿ ನೂರು ರೋಗಿಗಳಲ್ಲಿ 67 ಮಂದಿಯನ್ನು ಗುರುತಿಸುತ್ತದೆ, ರೋಗವಿಲ್ಲದ ನೂರರಲ್ಲಿ ಐವರನ್ನು ತಪ್ಪಾಗಿ ರೋಗಿಯೆನ್ನುತ್ತದೆ ಎಂಬ ಅಂದಾಜಿದೆ. ಅದರಂತೆ ಸಾವಿರ ಜನರಿಗೆ ಪರೀಕ್ಷೆ ಮಾಡಿಸಿದರೆ ಏಳೆಂಟು ರೋಗಿಗಳಲ್ಲಿ ಐವರು ಸಿಗುತ್ತಾರೆ. ಜೊತೆಗೆ ರೋಗವೇ ಇಲ್ಲದ ಸುಮಾರು 50 ಮಂದಿ ಭಯಕ್ಕೆ ಬೀಳುತ್ತಾರೆ. ಇದು ದುಂದುವೆಚ್ಚ. ಕೀಲಿನ ಊತ ಮತ್ತು ಬೆಳಗಿನ ಬಿಗಿತ ಆರು ವಾರ ಮೀರಿದವರನ್ನು ಮಾತ್ರ ತಜ್ಞರ ಬಳಿಗೆ ಕಳುಹಿಸುವ ಪದ್ಧತಿಯನ್ನು ಕಾರ್ಖಾನೆಯ ವೈದ್ಯರು ಅನುಸರಿಸಿದರೆ ಸಾಕು. ಆರಂಭದಲ್ಲೇ ಗುರುತಿಸಿದರೆ ಮೆಥೊಟ್ರೆಕ್ಸೇಟ್‌ನಂಥ ಅಗ್ಗದ ಮಾತ್ರೆಯಿಂದಲೇ ಅನೇಕರ ಕಾಯಿಲೆ ಹತೋಟಿಗೆ ಬರುತ್ತದೆ. ಹತೋಟಿಗೆ ಬಾರದವರಿಗೆ ದುಬಾರಿ ಪ್ರತಿಕಾಯ ಔಷಧಗಳಿವೆ. ಆದರೆ ಅವೂ ಎಲ್ಲರಿಗೂ ಫಲ ನೀಡುವುದಿಲ್ಲ. ಕೆಲವು ತಿಂಗಳು ಕೊಟ್ಟು, ನೋಡಿ, ಬದಲಿಸುವ ಕ್ರಮ ಇಂದಿಗೂ ಇದೆ. ಟಿಎನ್‌ಎಫ್ ತಡೆಯುವ ಔಷಧಕ್ಕೆ ಮುನ್ನ ಅಡಗಿರುವ ಕ್ಷಯದ ಪರೀಕ್ಷೆಯೂ ಅವಶ್ಯ. ಯಾವ ರೋಗಿಗೆ ಯಾವ ಔಷಧ ಹಿಡಿಸೀತೆಂದು ಮೊದಲೇ ಹೇಳುವ ಪ್ರೋಟೀನ್ ಪರೀಕ್ಷೆ ದೃಢೀಕರಣಗೊಂಡರೆ ರೋಗಿಗೂ ವಿಮೆಗೂ ಉಳಿಯುವ ಹಣವನ್ನು ಊಹಿಸಬಹುದು. ಸಮಾನ ನಿಧಿಯ ಮೊದಲ ಗುರಿ ಇದೇ ಆಗಲಿ.

ಇಲ್ಲೊಂದು ಷರತ್ತು ಅನಿವಾರ್ಯ. ಪರೀಕ್ಷೆಯ ವರದಿ ಕಾರ್ಮಿಕನ ಸ್ವತ್ತು. ಅದು ಮಾಲೀಕರ ಮೇಜಿಗೆ ಬರಕೂಡದು. ಕೆಲಸ ಹೋದೀತೆಂಬ ಭಯವಿದ್ದರೆ ಯಾರೂ ನೋವನ್ನು ಹೇಳಿಕೊಳ್ಳುವುದಿಲ್ಲ. ರಕ್ತದ ಮಾದರಿಯನ್ನು ಸಂಶೋಧನೆಗೆ ಬಳಸುವುದಾದರೆ ನೈತಿಕ ಸಮಿತಿಯ ಅನುಮೋದನೆ ಮತ್ತು ಆ ವ್ಯಕ್ತಿಯ ಲಿಖಿತ ಒಪ್ಪಿಗೆ ಇರಲೇಬೇಕು.

‘ಇದು ಸರಕಾರದ ಕೆಲಸ, ಸಣ್ಣ ಉದ್ಯಮದ ಬೆನ್ನಿಗೆ ಇನ್ನೊಂದು ಮೂಟೆ ಏಕೆ?’ ಎಂಬ ಆಕ್ಷೇಪ ಸಹಜ. ಲೆಕ್ಕ ಪರಿಶೋಧಕನಾಗಿ ನಾನು ನೋಡಿದ ಸಣ್ಣ ಘಟಕಗಳ ಪುಸ್ತಕಗಳಲ್ಲಿ ಯಂತ್ರದ ದುರಸ್ತಿಗೆ ಪ್ರತ್ಯೇಕ ಖಾತೆಯಿದೆ. ಹದಿನೈದು ವರ್ಷ ಪಳಗಿದ ಯಂತ್ರಚಾಲಕ ಬೆರಳು ಮಡಿಸಲಾಗದೆ ಕೆಲಸ ಬಿಟ್ಟಾಗ ಆದ ನಷ್ಟಕ್ಕೆ ಖಾತೆಯಿಲ್ಲ. ಅದು ತಿರಸ್ಕೃತ ಮಾಲು, ತಡವಾದ ರವಾನೆ, ಹೊಸಬರ ತರಬೇತಿ ಎಂಬ ಬೇರೆ ಬೇರೆ ಹೆಸರುಗಳಲ್ಲಿ ಹಂಚಿಹೋಗುತ್ತದೆ. ಹೀಗೆ ಹಂಚಿಹೋದ ಹೊರೆಯನ್ನು ಮಾಲೀಕ ಈಗಾಗಲೇ ಹೊತ್ತಿದ್ದಾನೆ, ಅದರ ತೂಕ ಅವನಿಗೆ ಗೊತ್ತಿಲ್ಲ ಅಷ್ಟೆ.

ಕರ್ನಾಟಕ ತನ್ನ ಜೈವಿಕ ತಂತ್ರಜ್ಞಾನ ನೀತಿಯನ್ನು 2001ರಲ್ಲೇ ಪ್ರಕಟಿಸಿತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ನವೋದ್ಯಮಗಳಿಗೆ ಬೆಂಗಳೂರು ಬಯೋಇನ್ನೋವೇಷನ್ ಕೇಂದ್ರವಿದೆ. 2025ರ ಸೆಪ್ಟೆಂಬರ್ 22ರಿಂದ ರೋಗಪತ್ತೆ ಕಿಟ್‌ಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಅನುಕೂಲಗಳು ಒಂದೊಂದಾಗಿ ಕೂಡಿಬರುತ್ತಿವೆ. ಮಂಡಳಿಯು ಮೊದಲ ಹೆಜ್ಜೆಯಾಗಿ ವೈಟ್‌ಫೀಲ್ಡಿನ ವಿಜ್ಞಾನಿಗಳು, ನಗರದ ಸಂಧಿವಾತ ತಜ್ಞರು, ಔಷಧ ಹಾಗೂ ಕಿಟ್ ತಯಾರಕರು ಮತ್ತು ಪೀಣ್ಯದ ಘಟಕಗಳ ಪ್ರತಿನಿಧಿಗಳನ್ನು ಒಂದು ದಿನ ಒಂದೇ ಸಭಾಂಗಣದಲ್ಲಿ ಕೂರಿಸಲಿ. ಒಂದು ಉಪಸಮಿತಿ ರಚಿಸಿ, ನಿಧಿಯ ನಿಯಮಾವಳಿಯ ಕರಡನ್ನು ಬರುವ ವಾರ್ಷಿಕ ಸಭೆಯ ಮುಂದಿಡಲಿ. ಆ ನಿಧಿಯ ಲೆಕ್ಕಪತ್ರಗಳನ್ನು ಸಂಭಾವನೆಯಿಲ್ಲದೆ ಪರಿಶೋಧಿಸಿಕೊಡಲು ನಮ್ಮ ವೃತ್ತಿಬಾಂಧವರು ಮುಂದೆ ಬರುವರೆಂಬ ನಂಬಿಕೆ ನನಗಿದೆ.